ಡೆನಾಲಿಯಲ್ಲಿ ಪ್ರಾಣಿ ನೋಡೋಕೆ ಯಾವ ಬಸ್ ಹತ್ತಬೇಕು?

ಓದುಗರ ಪ್ರಶ್ನೆ: "ಜುಲೈನಲ್ಲಿ ಅಲಾಸ್ಕಾಗೆ ಹೋಗುತ್ತಿದ್ದೇವೆ. ಡೆನಾಲಿ ನ್ಯಾಷನಲ್ ಪಾರ್ಕಿಗೆ ಅಂತ ಒಂದು ಪೂರ್ತಿ ದಿನ ಇಟ್ಟುಕೊಂಡಿದ್ದೇವೆ. ಟಿಕೆಟ್ ಮಾಡಿಸೋಕೆ ಹೋದರೆ ಮೂರ್ನಾಲ್ಕು ಥರದ ಬಸ್ಸುಗಳಿವೆ, ದರದಲ್ಲಿ ಅಜಗಜಾಂತರ. ನಮಗೆ ಬೇಕಿರೋದು ಕರಡಿ, ತೋಳ, ಮೂಸ್ ನೋಡೋದು. ದುಡ್ಡು ಜಾಸ್ತಿ ಕೊಟ್ಟರೆ ಪ್ರಾಣಿ ಜಾಸ್ತಿ ಕಾಣುತ್ತವಾ?"

ಇಲ್ಲ. ದುಬಾರಿ ಟಿಕೆಟ್ ತಗೊಂಡವರನ್ನು ಪ್ರಾಣಿ ತುಂಬಿರುವ ಯಾವುದೋ ಬೇರೆ ಜಾಗಕ್ಕೆ ಕರೆದುಕೊಂಡು ಹೋಗುತ್ತಾರೆ ಅಂತ ಅನಿಸುವುದು ಸಹಜ. ಆದರೆ ಡೆನಾಲಿಯೊಳಗೆ ಇರುವುದು ಒಂದೇ ರಸ್ತೆ. ಪೂರ್ತಿ ಉದ್ದ 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್. ಎಲ್ಲ ಬಸ್ಸೂ ಅದರಲ್ಲೇ ಹೋಗಬೇಕು, ಅದರಲ್ಲೇ ವಾಪಸ್ ಬರಬೇಕು. ಹಾಗಾಗಿ ಬಸ್ಸಿನ ಹೆಸರು ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಅದು ಎಷ್ಟನೇ ಮೈಲಿಯವರೆಗೆ ಹೋಗುತ್ತೆ, ನೀವು ಎಷ್ಟು ಹೊತ್ತು ಒಳಗಿರುತ್ತೀರಿ, ಇವೆರಡನ್ನು ನೋಡಿ.

ಬಾಡಿಗೆ ಕಾರಿದೆ, ನಾವೇ ಓಡಿಸಿಕೊಂಡು ಹೋಗ್ತೀವಿ ಅನ್ನುವವರಿಗೆ ಒಂದು ಮಾತು. ಮೊದಲ 15 ಮೈಲಿ ಡಾಂಬರು ರಸ್ತೆ, ಸ್ಯಾವೇಜ್ ನದಿಯವರೆಗೆ. ಅಲ್ಲಿಯವರೆಗೆ ಕಾರು ಬಿಡುತ್ತಾರೆ. ಅದರಾಚೆ ಜಲ್ಲಿ ರಸ್ತೆ, ಬೇಸಿಗೆಯಲ್ಲಿ ಹೆಚ್ಚುಕಡಿಮೆ ಬಸ್ಸಿಗೆ ಮಾತ್ರ ಮೀಸಲು. (29ನೇ ಮೈಲಿಯ ಟೆಕ್ಲಾನಿಕಾ ಕ್ಯಾಂಪಿಗೆ ಕಾರು ತಗೊಂಡು ಹೋಗಬಹುದು, ಆದರೆ ಕನಿಷ್ಠ ಮೂರು ರಾತ್ರಿ ಉಳಿಯಬೇಕು, ಅಷ್ಟು ದಿನವೂ ಕಾರನ್ನು ಕದಲಿಸುವ ಹಾಗಿಲ್ಲ. ಸೆಪ್ಟೆಂಬರಿನಲ್ಲಿ ಬಸ್ ಓಡಾಟ ಮುಗಿದ ಮೇಲೆ ಲಾಟರಿ ಎತ್ತಿ ಕೆಲವರಿಗೆ ಒಂದು ದಿನ ಕಾರು ಓಡಿಸಲು ಬಿಡುತ್ತಾರೆ. ನಿಮ್ಮ ಜುಲೈ ಪ್ರವಾಸಕ್ಕೆ ಇವೆರಡೂ ಆಗಿಬರುವುದಿಲ್ಲ.) ಈ ಬಸ್ ವ್ಯವಸ್ಥೆ ಶುರುವಾಗಿದ್ದು 1972ರಲ್ಲಿ. ಆಂಕರೇಜ್ ಮತ್ತು ಫೇರ್‌ಬ್ಯಾಂಕ್ಸ್ ನಡುವೆ ಹೊಸ ಹೆದ್ದಾರಿ ಆಗಿತ್ತು, ಕಾರುಗಳು ಒಂದೇ ಸಮ ಬರಲು ಶುರುವಾದರೆ ಪ್ರಾಣಿಗಳು ರಸ್ತೆ ಹತ್ತಿರ ಸುಳಿಯುವುದನ್ನೇ ಬಿಟ್ಟುಬಿಡುತ್ತವೆ ಅನ್ನುವ ಭಯ ಇತ್ತು. ಒಳಗಿನ ರಸ್ತೆಯಲ್ಲಿ 24 ಗಂಟೆಗೆ 160 ವಾಹನ ಮೀರಬಾರದು ಅಂತ 2012ರಲ್ಲಿ ಮಿತಿಯನ್ನೂ ಹಾಕಿದರು. ಬಸ್ಸಿನ ಕಿಟಕಿಯಿಂದ ಕರಡಿ ಕಾಣುತ್ತೆ ಅಂದರೆ ಅದರಲ್ಲಿ ಈ ಕಟ್ಟುನಿಟ್ಟಿನ ಪಾಲೂ ಇದೆ.

ಈಗ ಮುಖ್ಯ ವಿಷಯ, ಯಾವ ಪ್ರಾಣಿ ಎಲ್ಲಿ. ಇದು ತಲೆಯಲ್ಲಿದ್ದರೆ ಬಸ್ ಆಯ್ಕೆ ತಾನಾಗಿಯೇ ಆಗುತ್ತೆ.

ಮೊದಲ 15 ಮೈಲಿಯ ಬಹುಪಾಲು ಸ್ಪ್ರೂಸ್ ಕಾಡು ಮತ್ತು ಪೊದೆ. ಇದು ಮೂಸ್‌ಗಳ ಜಾಗ. ಜಿಂಕೆ ಜಾತಿಯದು, ಆನೆಯಷ್ಟಲ್ಲದಿದ್ದರೂ ಕುದುರೆಗಿಂತ ಎತ್ತರದ ಪ್ರಾಣಿ, ಆದರೂ ಪೊದೆಯೊಳಗೆ ನಿಂತರೆ ಕಾಣುವುದೇ ಇಲ್ಲ. ಸೆಪ್ಟೆಂಬರ್ ಅದರ ಜೋಡಿ ಹುಡುಕುವ ಕಾಲ, ಆಗ ಇದೇ 15 ಮೈಲಿಯಲ್ಲಿ ದೊಡ್ಡ ಕೊಂಬಿನ ಗಂಡುಗಳು ಬಯಲಿಗೆ ಬರುತ್ತವೆ. ಮುಂದೆ ಮರಗಳು ಕಮ್ಮಿಯಾಗುತ್ತಾ ನದಿ ಹರವು ತೆರೆದುಕೊಳ್ಳುತ್ತೆ. 30ನೇ ಮೈಲಿ ಟೆಕ್ಲಾನಿಕಾ ನದಿ, ಶೌಚಾಲಯದ ನಿಲುಗಡೆ ಇಲ್ಲಿದೆ. ಅದು ದಾಟಿದ ಮೇಲೆಯೇ ಮಜಾ ಶುರು. ಸುಮಾರು 34ರಿಂದ 38ನೇ ಮೈಲಿಯವರೆಗೆ ಇಗ್ಲೂ ಮತ್ತು ಕೆಥೀಡ್ರಲ್ ಬೆಟ್ಟಗಳು. ಅಲ್ಲಿನ ಬಂಡೆಗಳ ಮೇಲೆ ಡಾಲ್ ಕುರಿಗಳು ಇರುತ್ತವೆ. ಬರಿಗಣ್ಣಿಗೆ ಬಿಳಿ ಚುಕ್ಕಿ ಅಷ್ಟೇ, ಬೈನಾಕ್ಯುಲರ್ ಹಿಡಿದರೆ ಸುರುಳಿ ಕೊಂಬು ಕಾಣುತ್ತೆ. ಅಂದಹಾಗೆ 1917ರಲ್ಲಿ ಈ ಪಾರ್ಕ್ ಹುಟ್ಟಿದ್ದೇ ಈ ಕುರಿಗಳಿಂದ. ಬೇಟೆಗಾರರು ಇವನ್ನು ಲೆಕ್ಕವಿಲ್ಲದೆ ಹೊಡೆಯುತ್ತಿದ್ದುದನ್ನು ನೋಡಿ ಚಾರ್ಲ್ಸ್ ಶೆಲ್ಡನ್ ಅನ್ನುವವರು ವರ್ಷಗಟ್ಟಲೆ ಓಡಾಡಿ ರಕ್ಷಣೆ ಕೊಡಿಸಿದರು.

ಅಲ್ಲಿಂದ ಮೇಲಕ್ಕೆ ಹತ್ತಿದರೆ 39ನೇ ಮೈಲಿಯ ಹತ್ತಿರ ಸೇಬಲ್ ಪಾಸ್ ಅನ್ನುವ ಬೆಟ್ಟದ ಕಣಿವೆದಾರಿ. ಮರವೇ ಇಲ್ಲದ ಟಂಡ್ರಾ, ಗ್ರಿಜ್ಲಿ ಕರಡಿಗಳ ಊಟದ ಮನೆ. ಕರಡಿಗಳಿಗೆ ತೊಂದರೆ ಆಗಬಾರದು ಅಂತ ಇಲ್ಲಿ ರಸ್ತೆ ಬಿಟ್ಟು ನಡೆಯುವುದನ್ನು ದಶಕಗಳಿಂದ ನಿಷೇಧಿಸಿದ್ದಾರೆ. ನೀವು ನೋಡಬೇಕೆಂದಿರುವ ಕರಡಿ ಅಡ್ಡಾಡುತ್ತಾ, ಹುಲ್ಲು ಬೇರು ಕಿತ್ತು ತಿನ್ನುತ್ತಾ ಕಾಣುವ ಒಳ್ಳೆಯ ಸಾಧ್ಯತೆ ಇಲ್ಲೇ. ಕ್ಯಾರಿಬೂ ಅನ್ನುವ ಹಿಮಸಾರಂಗಗಳಿಗೆ ಇಂಥದ್ದೇ ಜಾಗ ಅಂತಿಲ್ಲ. ಜುಲೈನಲ್ಲಿ ಸೊಳ್ಳೆ ಕಾಟ ತಡೆಯಲಾಗದೆ ಗಾಳಿ ಬೀಸುವ ದಿಣ್ಣೆ, ಇನ್ನೂ ಕರಗದ ಹಿಮದ ತೇಪೆ, ನದಿಯ ಮರಳು, ಇಂಥ ಕಡೆ ನಿಂತಿರುತ್ತವೆ. ತೋಳದ ಮಾತು ಬೇರೆ. ಅದು ಅದೃಷ್ಟ. ಯಾವ ಬಸ್ಸಿನವರೂ ತೋಳ ತೋರಿಸುತ್ತೇವೆ ಅಂತ ಮಾತು ಕೊಡುವುದಿಲ್ಲ, ಕೊಟ್ಟರೆ ನಂಬಬೇಡಿ.

ಹಾಗಾದರೆ ಲೆಕ್ಕ ಸುಲಭ ಅಲ್ವಾ? 30ನೇ ಮೈಲಿಗೆ ವಾಪಸ್ ತಿರುಗುವ ಬಸ್ಸು ಕುರಿಗಳ ಬೆಟ್ಟವನ್ನೂ ಮುಟ್ಟುವುದಿಲ್ಲ, ಕರಡಿಗಳ ಪಾಸನ್ನೂ ಮುಟ್ಟುವುದಿಲ್ಲ. ನ್ಯಾಚುರಲ್ ಹಿಸ್ಟರಿ ಟೂರ್ ಅನ್ನುವುದು ಇಂಥದ್ದು. ಕೆಟ್ಟದ್ದೇನಲ್ಲ, ಇಲ್ಲಿನ ಮೂಲನಿವಾಸಿಗಳ ಬಗ್ಗೆ, ಪಾರ್ಕಿನ ಇತಿಹಾಸದ ಬಗ್ಗೆ ಚೆನ್ನಾಗಿ ಹೇಳುತ್ತಾರೆ. ಪ್ರಾಣಿಗೋಸ್ಕರ ಬಂದವರಿಗೆ ಮಾತ್ರ ಇದು ಅರ್ಧ ಊಟಕ್ಕೆ ಏಳಿಸಿದ ಹಾಗೆ. ಕ್ರೂಸ್ ಪ್ಯಾಕೇಜಿನಲ್ಲಿ ಬರುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಎಷ್ಟೋ ಪ್ಯಾಕೇಜುಗಳಲ್ಲಿ 'ಡೆನಾಲಿ ಟೂರ್ ಸೇರಿದೆ' ಅಂತ ಬರೆದಿರುವುದು ಈ ಚಿಕ್ಕ ಟೂರನ್ನೇ. ಸ್ವಲ್ಪ ಜಾಸ್ತಿ ಕೊಟ್ಟು ಉದ್ದದ ಟೂರಿಗೆ ಬದಲಾಯಿಸಿಕೊಳ್ಳೋಕೆ ಆಗುತ್ತಾ ಅಂತ ಮೊದಲೇ ಕೇಳಿ.

ಇನ್ನು ಎಷ್ಟು ದೂರದವರೆಗೆ ಹೋಗಬಹುದು ಅನ್ನುವುದು. ಹಳೆಯ ಪ್ರವಾಸ ಪುಸ್ತಕಗಳಲ್ಲಿ 66ನೇ ಮೈಲಿಯ ಐಲ್ಸನ್ ವಿಸಿಟರ್ ಸೆಂಟರ್, 85ನೇ ಮೈಲಿಯ ವಂಡರ್ ಲೇಕ್, ಕೊನೆಯ ಕಾಂಟಿಶ್ನಾ, ಎಲ್ಲದಕ್ಕೂ ಬಸ್ ಇದೆ ಅಂತ ಬರೆದಿರುತ್ತೆ. ಅದನ್ನು ನಂಬಿಕೊಂಡು ಯೋಜನೆ ಹಾಕಬೇಡಿ. 45ನೇ ಮೈಲಿಯ ಹತ್ತಿರ, ಪ್ರಿಟಿ ರಾಕ್ಸ್ ಅನ್ನುವ ಕಡೆ ಬೆಟ್ಟದ ಇಳಿಜಾರೇ ಜಾರುತ್ತಿದೆ. ನೆಲದೊಳಗಿನ ಮಂಜುಗಡ್ಡೆ ಕರಗುತ್ತಿದ್ದ ಹಾಗೆ ಮೇಲಿನ ಮಣ್ಣು ಕಲ್ಲು ಎಲ್ಲ ರಸ್ತೆ ಸಮೇತ ಕೆಳಗೆ ಸರಿಯುತ್ತೆ. 2014ಕ್ಕೆ ಮುಂಚೆ ವರ್ಷಕ್ಕೆ ಕೆಲವು ಇಂಚು ಸರಿಯುತ್ತಿದ್ದದ್ದು 2021ರ ಹೊತ್ತಿಗೆ ಗಂಟೆಗೆ ಅರ್ಧ ಇಂಚನ್ನೂ ಮೀರಿತು. ಜಲ್ಲಿ ಸುರಿದು ಸುರಿದು ಸಾಕಾಗಿ ಆ ವರ್ಷ ಆಗಸ್ಟಿನಲ್ಲಿ ರಸ್ತೆ ಮುಚ್ಚಿದರು. ಜಾರುವ ಜಾಗವನ್ನು ದಾಟಿಸಲು 475 ಅಡಿ ಉದ್ದದ ಸೇತುವೆಯ ಕೆಲಸ 2023ರಲ್ಲಿ ಶುರುವಾಯಿತು. ರಸ್ತೆ ಮುಚ್ಚಿದ ಮೇಲೆ ಬಸ್ಸುಗಳು 43ನೇ ಮೈಲಿಯಲ್ಲಿ, ಈಸ್ಟ್ ಫೋರ್ಕ್ ನದಿಯ ಹತ್ತಿರ ತಿರುಗುವ ವ್ಯವಸ್ಥೆ ಬಂತು. ಟಿಕೆಟ್ ಮಾಡಿಸುವಾಗ ಆ ವರ್ಷ ಬಸ್ ಎಲ್ಲಿಯವರೆಗೆ ಅಂತ ಪಾರ್ಕಿನವರ ಮಾಹಿತಿಯಲ್ಲೇ ನೋಡಿ, ಬೇರೆಯವರ ಮಾತು ಕೇಳಬೇಡಿ. 43ಕ್ಕೇ ನಿಂತರೂ ಬೇಜಾರು ಬೇಡ. ಕುರಿ ಬೆಟ್ಟ, ಸೇಬಲ್ ಪಾಸ್ ಎರಡೂ ಅದರೊಳಗೇ ಬಂತಲ್ಲ.

ಅಷ್ಟು ದೂರ ಹೋಗುವ ಬಸ್ಸುಗಳಲ್ಲಿ ಎರಡು ಬಗೆ. ಟಂಡ್ರಾ ವೈಲ್ಡರ್‌ನೆಸ್ ಟೂರ್ ಒಂದು, ಟ್ರಾನ್ಸಿಟ್ ಬಸ್ ಇನ್ನೊಂದು. ಟೂರಿನಲ್ಲಿ ಚಾಲಕರೇ ಗೈಡ್. ಮೈಕ್ ಹಿಡಿದು ಉದ್ದಕ್ಕೂ ವಿವರಣೆ ಕೊಡುತ್ತಾರೆ, ತಿನ್ನೋಕೆ ಒಂದಿಷ್ಟು ಕೊಡುತ್ತಾರೆ, ದೂರದ ಪ್ರಾಣಿಯನ್ನು ಕ್ಯಾಮೆರಾದಲ್ಲಿ ಹತ್ತಿರ ಎಳೆದು ಬಸ್ಸಿನೊಳಗಿನ ಪರದೆಯಲ್ಲಿ ತೋರಿಸುತ್ತಾರೆ. ಹೋದ ಬಸ್ಸಲ್ಲೇ ವಾಪಸ್ ಬರಬೇಕು, ಮಧ್ಯೆ ಇಳಿದು ಉಳಿಯುವ ಹಾಗಿಲ್ಲ. ಟ್ರಾನ್ಸಿಟ್ ಹಸಿರು ಬಣ್ಣದ ಬಸ್ಸು. ಅಧಿಕೃತವಾಗಿ ವಿವರಣೆ ಇಲ್ಲ, ಊಟ ತಿಂಡಿ ಇಲ್ಲ. ಆದರೆ ಪ್ರಾಣಿ ಕಂಡರೆ ಇದೂ ನಿಲ್ಲುತ್ತೆ! ಬಹಳ ಜನಕ್ಕೆ ಇದು ಗೊತ್ತಿಲ್ಲ, ಸಾದಾ ಬಸ್ಸು ಸುಮ್ನೆ ಭರ್ರನೆ ಹೋಗಿಬಿಡುತ್ತೆ ಅಂದುಕೊಳ್ಳುತ್ತಾರೆ. ಯಾರಾದರೂ 'ಸ್ಟಾಪ್' ಅಂತ ಕೂಗಿದರೆ ಸಾಕು, ಚಾಲಕರು ನಿಲ್ಲಿಸಿ ಎಂಜಿನ್ ಆಫ್ ಮಾಡುತ್ತಾರೆ. ಮಾತಾಡುವ ಹುಮ್ಮಸ್ಸಿರುವ ಚಾಲಕರು ಸಿಕ್ಕರೆ ಅರ್ಧ ಟೂರ್ ಪುಕ್ಕಟೆ ಸಿಕ್ಕ ಹಾಗೇ.

ದರದ ವ್ಯತ್ಯಾಸ ಮಾತ್ರ ದೊಡ್ಡದು. ಇತ್ತೀಚಿನ ವರ್ಷಗಳಲ್ಲಿ ಟ್ರಾನ್ಸಿಟ್ ದೊಡ್ಡವರಿಗೆ ಮೂವತ್ತು ಚಿಲ್ಲರೆ ಡಾಲರ್, ಟೂರ್ ನೂರು ಡಾಲರ್ ದಾಟುತ್ತೆ. ಟ್ರಾನ್ಸಿಟ್‌ನಲ್ಲಿ 15 ವರ್ಷದವರೆಗಿನ ಮಕ್ಕಳಿಗೆ ಟಿಕೆಟ್ಟೇ ಇಲ್ಲ. ಪಾರ್ಕಿನ ಪ್ರವೇಶ ಶುಲ್ಕ 15 ಡಾಲರ್ ಬೇರೆ.

ನನ್ನನ್ನು ಕೇಳಿದರೆ ಟ್ರಾನ್ಸಿಟ್ ತಗೊಳ್ಳಿ. ದುಡ್ಡಿನ ಕಾರಣಕ್ಕಷ್ಟೇ ಅಲ್ಲ. ಟ್ರಾನ್ಸಿಟ್ ಬಸ್ಸಿನಿಂದ ನಿಷೇಧಿತ ಜಾಗಗಳನ್ನು ಬಿಟ್ಟು ಎಲ್ಲಿ ಬೇಕಾದರೂ ಇಳಿದು, ನದಿ ದಂಡೆಯಲ್ಲೋ ದಿಣ್ಣೆಯ ಮೇಲೋ ಗಂಟೆ ಎರಡು ಗಂಟೆ ಓಡಾಡಿ, ರಸ್ತೆಗೆ ಬಂದು ಮುಂದಿನ ಹಸಿರು ಬಸ್ಸಿಗೆ ಕೈ ತೋರಿಸಿದರೆ ಸೀಟಿದ್ದಲ್ಲಿ ಹತ್ತಿಸಿಕೊಳ್ಳುತ್ತಾರೆ. ಬಸ್ಸಿನಲ್ಲಿ ನಲವತ್ತು ಜನರ ಗುಜುಗುಜು ಮಧ್ಯೆ ನೋಡುವುದಕ್ಕೂ, ಒಂದೇ ಕಡೆ ಕೂತು ಎದುರಿನ ಇಳಿಜಾರನ್ನು ಬೈನಾಕ್ಯುಲರಿನಲ್ಲಿ ನಿಧಾನವಾಗಿ ಜಾಲಾಡುವುದಕ್ಕೂ ಬಹಳ ವ್ಯತ್ಯಾಸ ಇದೆ, ಅಳಿಲು ಜಾತಿಯ ನೆಲದ ಪ್ರಾಣಿಗಳು, ಪ್ಟಾರ್ಮಿಗನ್ ಹಕ್ಕಿ ಇವೆಲ್ಲ ಹೀಗೆ ಕೂತವರಿಗೇ ಕಾಣುವುದು. ಸೀಟಿಗಾಗಿ ಕಾಯಬೇಕಾಗಬಹುದು, ಕೆಲವೊಮ್ಮೆ ಒಂದು ಗಂಟೆಯವರೆಗೂ. ಗುಂಪು ದೊಡ್ಡದಿದ್ದರೆ ಎರಡು ಬಸ್ಸಿಗೆ ಹಂಚಿಹೋಗಬೇಕಾಗುತ್ತೆ. ಇಳಿದ ಮೇಲೆ ಕರಡಿಯಿಂದ 300 ಗಜ, ಮೂಸ್‌ನಂಥವುಗಳಿಂದ 25 ಗಜ ದೂರ ಇರಬೇಕು ಅನ್ನುವುದು ಅಲ್ಲಿನ ನಿಯಮ. ಮೂಸ್ ಪಾಪದ್ದು ಅಂದುಕೊಂಡು ಹತ್ತಿರ ಹೋಗಬೇಡಿ, ಮರಿ ಜೊತೆಗಿದ್ದರೆ ಅಟ್ಟಿಸಿಕೊಂಡು ಬರುತ್ತೆ.

ಟೂರ್ ಯಾರಿಗೆ ಸರಿ? ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದು ಇಳಿದು ಹತ್ತುವುದು ಕಷ್ಟ ಅನ್ನುವವರಿಗೆ. ಕಣ್ಣು ಅಷ್ಟು ಚುರುಕಿಲ್ಲ, ದೂರದ ಚುಕ್ಕಿಯನ್ನು ಪರದೆಯಲ್ಲಿ ದೊಡ್ಡದಾಗಿ ನೋಡಬೇಕು ಅನ್ನುವವರಿಗೆ. ವಿವರಣೆ ಇಲ್ಲದಿದ್ದರೆ ನಿದ್ದೆ ಬರುತ್ತೆ ಅನ್ನುವವರಿಗೂ. ಇವರೆಲ್ಲ ನೂರು ಡಾಲರ್ ಮೇಲೆ ಕೊಟ್ಟರೂ ಮೋಸ ಇಲ್ಲ. ಪುಟ್ಟ ಮಕ್ಕಳಿದ್ದರೆ ಎರಡರಲ್ಲೂ ಕಾರ್ ಸೀಟನ್ನು ನೀವೇ ತರಬೇಕು, ಆ ರಾಜ್ಯದ ಕಾನೂನು ಹಾಗಿದೆ. ಬಸ್ಸಿನಲ್ಲಿ ಒಮ್ಮೆ ಕೂತರೆ ಐದು ಗಂಟೆಯ ಆಸುಪಾಸು ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮೂರು ವರ್ಷದ ಮಗುವಿಗೆ ಅದು ಶಿಕ್ಷೆ.

ಹೊತ್ತಿನ ವಿಚಾರ: ಬೆಳಗಿನ ಮೊದಲ ಬಸ್ಸುಗಳಲ್ಲೊಂದನ್ನು ಹಿಡಿಯಿರಿ. ಪ್ರಾಣಿ ಬೆಳಿಗ್ಗೆಯೇ ಕಾಣುತ್ತೆ ಅಂತ ಗ್ಯಾರಂಟಿ ಕೊಡೋಕಾಗಲ್ಲ, ಜುಲೈನಲ್ಲಿ ಅಲ್ಲಿ ಕತ್ತಲಾಗುವುದೇ ಅಪರೂಪ, ಅವು ಯಾವಾಗ ಬೇಕಾದರೂ ಓಡಾಡುತ್ತವೆ. ಆದರೆ ಬೇಗ ಹೋದರೆ ಮಧ್ಯೆ ಇಳಿಯಲು ಸಮಯ ಇರುತ್ತೆ, ವಾಪಸ್ ಬರಲು ಬಸ್ಸುಗಳೂ ಜಾಸ್ತಿ. ಹೋಗುವಾಗ ಎಡಗಡೆ ಕಿಟಕಿ ಸಿಕ್ಕರೆ ಕಣಿವೆ ಕಡೆಯ ನೋಟ ಚೆನ್ನಾಗಿರುತ್ತೆ. ಪ್ರಾಣಿಗಳಿಗೆ ಎಡ ಬಲ ಇಲ್ಲ. ಕಿಟಕಿಯಾಚೆ ಕೈ ಚಾಚಬೇಡಿ, ಪ್ರಾಣಿ ಹತ್ತಿರ ಇದ್ದಾಗ ಗಲಾಟೆ ಮಾಡಬೇಡಿ. ಮೊಬೈಲ್ ಕ್ಯಾಮೆರಾದಲ್ಲಿ ಕರಡಿ ಕಪ್ಪು ಹುಳುವಿನ ಥರ ಬರುತ್ತೆ, ಅದರ ಬದಲು ಮನೆಯಲ್ಲಿರುವ ಪ್ರತಿಯೊಬ್ಬರಿಗೂ ಒಂದೊಂದು ಬೈನಾಕ್ಯುಲರ್ ಹೊಂದಿಸಿಕೊಳ್ಳಿ, ಒಂದನ್ನೇ ಎಲ್ಲರೂ ಕೈ ಬದಲಾಯಿಸುತ್ತಾ ಕೂತರೆ ಪ್ರಾಣಿ ಹೋಗಿಬಿಟ್ಟಿರುತ್ತೆ. ನೀರು, ಊಟ ಕಟ್ಟಿಕೊಂಡೇ ಹೋಗಿ, ಒಳಗೆ ಅಂಗಡಿ ಇಲ್ಲ. ಜುಲೈ ಆದರೂ ಮಳೆ ಅಂಗಿ, ಸ್ವೆಟರ್, ಸೊಳ್ಳೆಗೆ ಏನಾದರೂ ಇರಲಿ.

ಇಲ್ಲಿನ ದೊಡ್ಡ ಪರ್ವತದ, ಅಂದರೆ ಡೆನಾಲಿ ಶಿಖರದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 20,310 ಅಡಿಯ ಆ ಪರ್ವತ ಬೇಸಿಗೆಯಲ್ಲಿ ಮೂರರಲ್ಲಿ ಒಂದು ದಿನ ಕಂಡರೆ ಹೆಚ್ಚು, ಮಿಕ್ಕಂತೆ ಮೋಡ. ಯಾವ ಟಿಕೆಟ್ ತಗೊಂಡರೂ ಇದು ಬದಲಾಗಲ್ಲ. ಮೋಡ ಮುಚ್ಚಿದ ತಂಪು ದಿನದಲ್ಲಿ ಪ್ರಾಣಿ ನೋಡೋಕೆ ಅಡ್ಡಿಯೇನೂ ಇಲ್ಲ.

ಮುಂದಿನ ಬೇಸಿಗೆಯ ಟಿಕೆಟ್ಟುಗಳನ್ನು ಸಾಮಾನ್ಯವಾಗಿ ಹಿಂದಿನ ಡಿಸೆಂಬರಿನಲ್ಲೇ ಬಿಡುತ್ತಾರೆ. ಜುಲೈ ಬೆಳಗಿನ ಬಸ್ಸುಗಳು ಬೇಗ ತುಂಬುತ್ತವೆ, ತಡ ಮಾಡಬೇಡಿ. ಮಧ್ಯಾಹ್ನದ ಹೊತ್ತಿಗೆ ವಾಪಸ್ ಬಂದರೆ ರೂಮಿಗೆ ಹೋಗಿ ಮಲಗಬೇಡಿ. ಊಟ ಮುಗಿಸಿ ಸ್ಯಾವೇಜ್ ನದಿಯವರೆಗೆ ಹೋಗುವ ಉಚಿತ ಶಟಲ್ ಹತ್ತಿ, ಅದಕ್ಕೆ ಬುಕಿಂಗೂ ಬೇಡ. ಬೆಳಿಗ್ಗೆ ತಪ್ಪಿಸಿಕೊಂಡ ಮೂಸ್ ಇರುವುದು ಆ 15 ಮೈಲಿಯಲ್ಲೇ.