ಬೂಸ್ಟ್ ಯಾರ ಎನರ್ಜಿಯ ಸೀಕ್ರೆಟ್? ಜಾಹೀರಾತು ಹಿಡಿದು ರಿಪೋರ್ಟೆಡ್ ಸ್ಪೀಚ್ ಕಲಿಸುವುದು

ರಿಪೋರ್ಟೆಡ್ ಸ್ಪೀಚ್, ಅಂದರೆ ಒಬ್ಬರು ಹೇಳಿದ್ದನ್ನು ನಮ್ಮ ಮಾತಿನಲ್ಲಿ ಇನ್ನೊಬ್ಬರಿಗೆ ಹೇಳುವುದು. ಈ ಪಾಠಕ್ಕೆ ಇಂಗ್ಲಿಷ್ ವ್ಯಾಕರಣ ಪುಸ್ತಕದಲ್ಲಿ ಎಂಥ ಉದಾಹರಣೆ ಇರುತ್ತದೆ ಅಂತ ನಿಮಗೂ ಗೊತ್ತು. ರಾಮ ಸೀತೆಗೆ ಏನೋ ಹೇಳಿದ, ಟೀಚರ್ ಮಕ್ಕಳಿಗೆ ಏನೋ ಹೇಳಿದರು. ಯಾವ ರಾಮ, ಯಾವತ್ತು ಹೇಳಿದ, ಅದನ್ನು ಈಗ ನಾವು ಯಾರಿಗೆ ಹೇಳುತ್ತಿದ್ದೇವೆ? ಒಂದೂ ಗೊತ್ತಿಲ್ಲ. ಹಾಗಾಗಿ ಮಕ್ಕಳು 'ಈಸ್' ಕಂಡಲ್ಲಿ 'ವಾಸ್' ಹಾಕುತ್ತಾರೆ, 'ಟುಡೇ' ಕಂಡಲ್ಲಿ 'ದಟ್ ಡೇ' ಹಾಕುತ್ತಾರೆ, ಅಲ್ಲಿಗೆ ಮುಗಿಯಿತು.

ಬಿ.ಎಡ್. ಮಾಡುತ್ತಾ ಶಾಲೆಗಳಿಗೆ ಪಾಠ ಮಾಡಲು ಹೋಗುವ ನಮ್ಮಂಥವರು ಇದೇ ಪಾಠವನ್ನು ಜಾಹೀರಾತು ಇಟ್ಟುಕೊಂಡು ಮಾಡಿದರೆ ಒಳ್ಳೆಯದು ಅಂತ ನನ್ನ ವಾದ. ಜಾಹೀರಾತಿನ ವಾಕ್ಯ ಚಿಕ್ಕದು, ಮಕ್ಕಳಿಗೆ ಬಾಯಿಗೆ ಬರುತ್ತದೆ. ಹೇಳಿದ್ದು ಯಾರು, ಯಾರಿಗೆ, ಯಾಕೆ ಅನ್ನುವುದೂ ಸ್ಪಷ್ಟ. ಇನ್ನೊಂದು ಲಾಭ ಉಂಟು. ಜಾಹೀರಾತನ್ನು ಯಾರೂ ಪೂರ್ತಿ ನಂಬುವುದಿಲ್ಲ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವಾಗ ನಾವು ಅದಕ್ಕೆ ಎಷ್ಟು ಜವಾಬ್ದಾರರು ಅನ್ನುವ ಪ್ರಶ್ನೆ ಅಲ್ಲಿ ತಾನಾಗಿ ಏಳುತ್ತದೆ. ಈ ಪಾಠದ ತಿರುಳು ಅದೇ. ಟೆನ್ಸ್ ಬದಲಾಯಿಸುವುದೆಲ್ಲ ಅದರ ಹಿಂದೆ ಬರುವ ಕೆಲಸ.

'ಅಂತ' ತರುವ ತಾಪತ್ರಯ

ನಮ್ಮ ಮಕ್ಕಳು ಎಡವುವ ಜಾಗ ಒಂದೇ. ಕನ್ನಡದಲ್ಲಿ 'ನಾನು ನಾಳೆ ಬರ್ತೇನೆ ಅಂತ ಅವನು ಹೇಳಿದ' ಅಂದರೆ ಸಾಕು. ಅವನ ಮಾತನ್ನು ಇದ್ದ ಹಾಗೇ ಇಟ್ಟು, ಹಿಂದೆ ಒಂದು 'ಅಂತ' ಅಂಟಿಸಿದರೆ ಆಯಿತು. 'ನಾನು' ಅಂದರೆ ಅವನೇ ಅಂತ ಕೇಳುವವರಿಗೆ ಗೊತ್ತಾಗುತ್ತದೆ. ಮನೆಯಲ್ಲಿ ತುಳು, ಕೊಂಕಣಿ ಮಾತಾಡುವ ಮಕ್ಕಳಿಗೂ ಇದೇ ಲೆಕ್ಕ. ಈ ರೂಢಿಯಲ್ಲೇ ಇಂಗ್ಲಿಷಿಗೆ ಹೋದರೆ 'ಹಿ ಟೋಲ್ಡ್ ದಟ್ ಐ ವಿಲ್ ಕಮ್ ಟುಮಾರೋ' ಬರುತ್ತದೆ. ಇಂಗ್ಲಿಷಿನವರು ಇದನ್ನು ಕೇಳಿದರೆ, ಬರುವವನು ನೀನೇ ಅಂದುಕೊಳ್ಳುತ್ತಾರೆ.

ಇದಕ್ಕೆ ಬೂಸ್ಟ್ ಒಳ್ಳೆಯ ಮದ್ದು. 'ಬೂಸ್ಟ್ ಈಸ್ ದ ಸೀಕ್ರೆಟ್ ಆಫ್ ಮೈ ಎನರ್ಜಿ.' ಮೊದಲು ಕಪಿಲ್ ದೇವ್ ಹೇಳಿದರು, ಆಮೇಲೆ ಸಚಿನ್ ತೆಂಡೂಲ್ಕರ್ ಹೇಳಿದರು. ವಾಕ್ಯವನ್ನು ಬೋರ್ಡಿನ ಮೇಲೆ ಬರೆದು, ಹಿಂದಿನ ಬೆಂಚಿನ ಯಾರನ್ನಾದರೂ ಎಬ್ಬಿಸಿ, ಸಚಿನ್ ಏನು ಹೇಳಿದರು ಅಂತ ಕೇಳಿ. 'ಸಚಿನ್ ಟೋಲ್ಡ್ ದಟ್ ಬೂಸ್ಟ್ ಈಸ್ ದ ಸೀಕ್ರೆಟ್ ಆಫ್ ಮೈ ಎನರ್ಜಿ' ಅನ್ನುತ್ತಾನೆ. 'ನಿನ್ನ ಎನರ್ಜಿಯ ಗುಟ್ಟು ಸಚಿನ್‌ಗೆ ಹೇಗೆ ಗೊತ್ತಾಯ್ತು ಮಾರಾಯ?' ಅಂತ ಕೇಳಿಬಿಡಿ. ಕ್ಲಾಸು ನಗುತ್ತದೆ. 'ಮೈ' ಯಾಕೆ 'ಹಿಸ್' ಆಗಬೇಕು ಅಂತ ಮತ್ತೆ ಭಾಷಣ ಬೇಡ. ಸರಿಯಾದ ವಾಕ್ಯ: 'ಸಚಿನ್ ಸೆಡ್ ದಟ್ ಬೂಸ್ಟ್ ವಾಸ್ ದ ಸೀಕ್ರೆಟ್ ಆಫ್ ಹಿಸ್ ಎನರ್ಜಿ.' ಇಲ್ಲೇ 'ಟೋಲ್ಡ್' ವಿಷಯವನ್ನೂ ಮುಗಿಸಿ. 'ಟೋಲ್ಡ್' ಆದ ಮೇಲೆ ಯಾರಿಗೆ ಅಂತ ಬರಲೇಬೇಕು: ಟೋಲ್ಡ್ ಮಿ, ಟೋಲ್ಡ್ ಅಸ್, ಟೋಲ್ಡ್ ದ ಚಿಲ್ಡ್ರನ್. ಯಾರಿಗೆ ಅಂತ ಹೇಳದಿದ್ದರೆ 'ಸೆಡ್' ಸಾಕು.

ಸ್ವಲ್ಪ ಕಷ್ಟದ್ದು ಬೇಕಾದರೆ ಹಚ್ ಮೊಬೈಲ್ ಕಂಪನಿಯ ನಾಯಿಮರಿ ಜಾಹೀರಾತು ಇದೆ. ಹುಡುಗನ ಹಿಂದೆ ಹಿಂದೆಯೇ ಪಗ್ ನಾಯಿ ಹೋಗುತ್ತದೆ, 'ವೇರೆವರ್ ಯು ಗೋ, ಅವರ್ ನೆಟ್‌ವರ್ಕ್ ಫಾಲೋಸ್.' ಹಚ್ 2007ರಲ್ಲಿ ವೊಡಾಫೋನ್ ಆಯಿತು, ಆದ್ದರಿಂದ ಈಗಿನ ಮಕ್ಕಳಿಗೆ ನಾಯಿ ಗೊತ್ತಿರಲಿಕ್ಕಿಲ್ಲ. ತೋರಿಸಿದರೆ ಇಷ್ಟಪಡುತ್ತಾರೆ. ಇಲ್ಲಿ 'ಯು' ಅಂದರೆ ಯಾರು? ನಾವು, ಗಿರಾಕಿಗಳು. 'ಅವರ್' ಅಂದರೆ ಕಂಪನಿ. 'ಹಚ್ ಪ್ರಾಮಿಸ್ಡ್ ದಟ್ ವೇರೆವರ್ ವಿ ವೆಂಟ್, ಇಟ್ಸ್ ನೆಟ್‌ವರ್ಕ್ ವುಡ್ ಫಾಲೋ.' ಮೂಲದಲ್ಲಿ 'ವಿಲ್' ಇಲ್ಲವಲ್ಲ, 'ವುಡ್' ಎಲ್ಲಿಂದ ಬಂತು ಅಂತ ಯಾರಾದರೂ ಕೇಳಿದರೆ ಅವರಿಗೆ ಶಾಭಾಸ್ ಹೇಳಿ. ನಾವು 'ಪ್ರಾಮಿಸ್ಡ್' ಅನ್ನುವ ವರ್ಬ್ ಆರಿಸಿಕೊಂಡೆವು. ಮಾತು ಕೊಡುವುದು ಮುಂದಿನದರ ಬಗ್ಗೆ, ಅದಕ್ಕೆ 'ವುಡ್' ಬಂತು. 'ಸೆಡ್' ಹಾಕಿದ್ದರೆ 'ಫಾಲೋಡ್' ಸಾಕಿತ್ತು.

ಬ್ಯಾಂಕುಗಳಿಂದ ಟೆನ್ಸ್

'ಈಸ್' ಯಾವಾಗಲೂ 'ವಾಸ್' ಆಗಲೇಬೇಕಾ? ಈ ಪ್ರಶ್ನೆಗೆ ಉತ್ತರ ಹೇಳಲು ನಮ್ಮ ಮಂಗಳೂರು-ಉಡುಪಿ ಕಡೆಯಷ್ಟು ಅನುಕೂಲ ಬೇರೆ ಎಲ್ಲೂ ಇಲ್ಲ. ಬ್ಯಾಂಕುಗಳ ತವರಲ್ವಾ ನಮ್ಮದು.

ಕರ್ನಾಟಕ ಬ್ಯಾಂಕ್ 1924ರಲ್ಲಿ ಮಂಗಳೂರಿನಲ್ಲಿ ಶುರುವಾಯಿತು, ಇವತ್ತಿಗೂ ಇಲ್ಲೇ ಅದರ ಪ್ರಧಾನ ಕಚೇರಿ. ಬೋರ್ಡಿನ ಮೇಲೆ 'ಯುವರ್ ಫ್ಯಾಮಿಲಿ ಬ್ಯಾಂಕ್, ಅಕ್ರಾಸ್ ಇಂಡಿಯಾ' ಅಂತ ಇರುತ್ತದೆ. ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಉಡುಪಿಯಲ್ಲಿ ಹುಟ್ಟಿತು. ಅಂಗಡಿ ಅಂಗಡಿಗೆ ಹೋಗಿ ದಿನದ ದುಡ್ಡು ಸಂಗ್ರಹಿಸುವ ಪಿಗ್ಮಿ ಯೋಜನೆಯನ್ನು 1928ರಲ್ಲಿ ಶುರು ಮಾಡಿದ್ದು ಅದೇ. ಅದರ ಘೋಷಣೆ 'ಯುವರ್ ಫೇತ್‌ಫುಲ್ ಆ್ಯಂಡ್ ಫ್ರೆಂಡ್ಲಿ ಫೈನಾನ್ಶಿಯಲ್ ಪಾರ್ಟ್‌ನರ್'. 2020ರ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.

ಈಗ ಎರಡನ್ನೂ ರಿಪೋರ್ಟ್ ಮಾಡಿ. 'ಕರ್ನಾಟಕ ಬ್ಯಾಂಕ್ ಸೇಸ್ ಇಟ್ ಈಸ್ ಅವರ್ ಫ್ಯಾಮಿಲಿ ಬ್ಯಾಂಕ್.' ಬ್ಯಾಂಕ್ ಇದೆ, ಬೋರ್ಡ್ ಇದೆ, ಈಗಲೂ ಹೇಳುತ್ತಿದೆ. ರಿಪೋರ್ಟಿಂಗ್ ವರ್ಬ್ (ಇಲ್ಲಿ 'ಸೇಸ್') ಪ್ರೆಸೆಂಟಿನಲ್ಲಿ ಇದ್ದರೆ ಒಳಗಿನ ಟೆನ್ಸ್ ಕದಲುವುದಿಲ್ಲ. 'ಸೆಡ್ ಇಟ್ ಈಸ್' ಅಂದರೂ ತಪ್ಪಿಲ್ಲ, ಮಾತು ಇನ್ನೂ ಚಾಲ್ತಿಯಲ್ಲಿದೆ. ಸಿಂಡಿಕೇಟಿಗೆ ಆ ರಿಯಾಯಿತಿ ಇಲ್ಲ. 'ಸಿಂಡಿಕೇಟ್ ಬ್ಯಾಂಕ್ ಸೆಡ್ ಇಟ್ ವಾಸ್ ಅವರ್ ಫೇತ್‌ಫುಲ್ ಆ್ಯಂಡ್ ಫ್ರೆಂಡ್ಲಿ ಫೈನಾನ್ಶಿಯಲ್ ಪಾರ್ಟ್‌ನರ್.' ಇಲ್ಲಿ 'ಈಸ್' ಹಾಕಿದರೆ ಇಲ್ಲದ ಬ್ಯಾಂಕನ್ನು ಇದೆ ಅಂದಹಾಗೆ ಆಗುತ್ತದೆ. ವಿಜಯಾ ಬ್ಯಾಂಕಿಗೂ ಇದೇ. 1931ರಲ್ಲಿ ಮಂಗಳೂರಿನಲ್ಲಿ ಶುರುವಾಗಿ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿಹೋಯಿತು. 'ಎ ಫ್ರೆಂಡ್ ಯು ಕ್ಯಾನ್ ಬ್ಯಾಂಕ್ ಅಪಾನ್' ಅಂತಿತ್ತು. ರಿಪೋರ್ಟ್ ಮಾಡಿದರೆ 'ಎ ಫ್ರೆಂಡ್ ವಿ ಕುಡ್ ಬ್ಯಾಂಕ್ ಅಪಾನ್'. 'ಕ್ಯಾನ್' ಹೋಗಿ 'ಕುಡ್' ಬಂತು. 'ಕ್ಯಾನ್' ಥರದ ಬಾಕಿ ಸಹಾಯಕ ವರ್ಬ್‌ಗಳೂ (ಮೋಡಲ್‌ಗಳು) ಹೀಗೇ: ವಿಲ್ ವುಡ್ ಆಗುತ್ತದೆ, ಮೇ ಮೈಟ್ ಆಗುತ್ತದೆ, ಶುಡ್ ಹಾಗೇ ಉಳಿಯುತ್ತದೆ. ಅದಕ್ಕಿಂತ ಜಾಸ್ತಿ ಸಮಯ ಅಲ್ಲಿ ಕೊಡಬೇಕಿಲ್ಲ.

ಗಮನಿಸಿದಿರಾ, ಈ ಮೂರರಲ್ಲಿ ಒಂದೂ ಪೂರ್ತಿ ವಾಕ್ಯ ಅಲ್ಲ. ವರ್ಬ್ ನಾವೇ ಸೇರಿಸಿದ್ದು. ಅಮುಲ್‌ನ 'ದ ಟೇಸ್ಟ್ ಆಫ್ ಇಂಡಿಯಾ' ಕೂಡ ಹಾಗೆಯೇ. ಇಂಥದ್ದಕ್ಕೆ 'ಕಾಲ್' ಸುಲಭದ ದಾರಿ: 'ಅಮುಲ್ ಕಾಲ್ಸ್ ಇಟ್‌ಸೆಲ್ಫ್ ದ ಟೇಸ್ಟ್ ಆಫ್ ಇಂಡಿಯಾ.'

'ಸೆಡ್' ಬಿಟ್ಟು ಬೇರೆ ಇಲ್ವಾ?

'ಎ ಡೈಮಂಡ್ ಈಸ್ ಫಾರೆವರ್.' ಡಿ ಬಿಯರ್ಸ್ ವಜ್ರದ ಕಂಪನಿಗಾಗಿ 1947ರಲ್ಲಿ ಫ್ರಾನ್ಸಿಸ್ ಗೆರೆಟಿ ಎಂಬ ಮಹಿಳೆ ಬರೆದ ಸಾಲು. ಶಾಲೆಯ ನಿಯಮದ ಪ್ರಕಾರ ಸಾರ್ವಕಾಲಿಕ ಸತ್ಯಕ್ಕೆ ಟೆನ್ಸ್ ಬದಲಾಗಬಾರದು. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಅನ್ನುವ ಹಾಗೆ. ಹಾಗಾದರೆ ವಜ್ರ ಶಾಶ್ವತ ಅನ್ನುವುದು ಸಾರ್ವಕಾಲಿಕ ಸತ್ಯವಾ, ಮಾರುವವರ ಮಾತಾ? 'ದೆ ಸೆಡ್ ಎ ಡೈಮಂಡ್ ಈಸ್ ಫಾರೆವರ್' ಅಂದರೆ ನೀವೂ ಸ್ವಲ್ಪ ತಲೆ ಆಡಿಸಿದ ಹಾಗೆ. 'ವಾಸ್' ಅಂದರೆ 'ಅವರು ಅಂದದ್ದು, ನನ್ನನ್ನು ಕೇಳಬೇಡಿ' ಅಂತ ಒಂದು ಹೆಜ್ಜೆ ಹಿಂದೆ ನಿಂತ ಹಾಗೆ. ಎರಡೂ ವ್ಯಾಕರಣಕ್ಕೆ ಸರಿ. ಯಾವುದು ಬೇಕು ಅನ್ನುವುದು ಹೇಳುವವರಿಗೆ ಬಿಟ್ಟದ್ದು. ಇದನ್ನು ಹೈಸ್ಕೂಲ್ ಮಕ್ಕಳಿಗೆ ಹೇಳಿದರೆ ತಲೆಬಿಸಿ ಆಗುತ್ತದೆ ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಚಾಡಿ ಹೇಳುವಾಗ ಅವರೆಲ್ಲ ಈ ಲೆಕ್ಕಾಚಾರವನ್ನು ಚೆನ್ನಾಗಿಯೇ ಮಾಡುತ್ತಾರೆ!

ಇನ್ನೂ ದೂರ ನಿಲ್ಲಬೇಕಾದರೆ ವರ್ಬ್ ಬದಲಾಯಿಸಿ. 'ರೆಡ್ ಬುಲ್ ಗಿವ್ಸ್ ಯು ವಿಂಗ್ಸ್.' ಅಮೆರಿಕದಲ್ಲಿ ಕೆಲವು ಗಿರಾಕಿಗಳು ಜಾಹೀರಾತು ಹೇಳಿದಷ್ಟು ಶಕ್ತಿ ಈ ಪಾನೀಯದಿಂದ ಬರಲಿಲ್ಲ ಅಂತ ಕೋರ್ಟಿಗೆ ಹೋದರು. 2014ರಲ್ಲಿ ಕಂಪನಿ ತಪ್ಪು ಒಪ್ಪಿಕೊಳ್ಳದೆ 1.3 ಕೋಟಿ ಡಾಲರಿನ ರಾಜಿಗೆ ಒಪ್ಪಿತು. ಈ ಕತೆ ಹೇಳುವಾಗ 'ಸೆಡ್' ಸಪ್ಪೆ. 'ರೆಡ್ ಬುಲ್ ಕ್ಲೇಮ್ಡ್ ದಟ್ ಇಟ್ ಗೇವ್ ಪೀಪಲ್ ವಿಂಗ್ಸ್' ಅನ್ನಬೇಕು. 'ಕ್ಲೇಮ್ಡ್' ಅಂದ ಕೂಡಲೇ ಅನುಮಾನ ಒಳಗೆ ಸೇರಿತು. ಅದೇ ರೀತಿ 'ಡಿನೈಡ್' ಅಂದರೆ ಅಲ್ಲಗಳೆದರು, 'ಅಡ್ಮಿಟೆಡ್' ಅಂದರೆ ಒಪ್ಪಿಕೊಂಡರು. ಒಂದೇ ವಾಕ್ಯ ಕೊಟ್ಟು ಐದಾರು ವರ್ಬ್ ಹಾಕಿಸಿ, ಅರ್ಥ ಹೇಗೆ ವಾಲುತ್ತದೆ ಅಂತ ಮಕ್ಕಳೇ ಹೇಳಲಿ.

ಹೇಳಿದ್ದು ಯಾರು ಅಂತಲೇ ಗೊತ್ತಿಲ್ಲದಿದ್ದರೆ? ಗಡ್‌ಬಡ್ ಐಸ್‌ಕ್ರೀಮ್ ಉಡುಪಿಯ ಡಯಾನಾ ಹೋಟೆಲಿನಲ್ಲಿ ಹುಟ್ಟಿತು ಅಂತ ಹೇಳುತ್ತಾರೆ. 'ಇಟ್ ಈಸ್ ಸೆಡ್ ದಟ್ ಗಡ್‌ಬಡ್ ವಾಸ್ ಬಾರ್ನ್ ಇನ್ ಉಡುಪಿ.' ಮಂಗಳೂರಿನ ಕ್ಲಾಸಿನಲ್ಲಿ ಇದನ್ನು ಬರೆದರೆ ಅದು ನಮ್ಮದು ಅಂತ ಸ್ವಲ್ಪ ಗಲಾಟೆ ಆಗುತ್ತದೆ, ಆಗಲಿ.

ಪ್ರಶ್ನೆ, ಅಪ್ಪಣೆ

ಬಚ್ಚಲಮನೆಗೇ ಮೈಕ್ ಹಿಡಿದು ನುಗ್ಗಿ, ನಿಮ್ಮ ಟೂತ್‌ಪೇಸ್ಟ್‌ನಲ್ಲಿ ಉಪ್ಪು ಇದೆಯಾ ಅಂತ ಕೇಳುವ ಕೋಲ್ಗೇಟ್ ಜಾಹೀರಾತು ಯಾರಿಗೆ ಗೊತ್ತಿಲ್ಲ? 'ಡಸ್ ಯುವರ್ ಟೂತ್‌ಪೇಸ್ಟ್ ಹ್ಯಾವ್ ಸಾಲ್ಟ್?' ಹೌದು ಅಥವಾ ಇಲ್ಲ ಅನ್ನುವ ಪ್ರಶ್ನೆ, ಹಾಗಾಗಿ 'ಇಫ್': 'ಶಿ ಆಸ್ಕ್ಡ್ ಹಿಮ್ ಇಫ್ ಹಿಸ್ ಟೂತ್‌ಪೇಸ್ಟ್ ಹ್ಯಾಡ್ ಸಾಲ್ಟ್.' 'ಡಸ್' ಮಾಯ. ಇಲ್ಲೂ 'ಅಂತ ಕೇಳಿದಳು' ಮನಸ್ಸಿನಲ್ಲಿ ಕೂತು 'ಆಸ್ಕ್ಡ್ ದಟ್ ಡಸ್' ಅಂತ ಬರೆಸುತ್ತದೆ, ಜಾಗ್ರತೆ.

ಎಲ್ಲಿ, ಏನು, ಯಾಕೆ ಅನ್ನುವ ಪ್ರಶ್ನೆಗೆ 1994ರ ಮೈಕ್ರೋಸಾಫ್ಟ್ ಜಾಹೀರಾತು: 'ವೇರ್ ಡು ಯು ವಾಂಟ್ ಟು ಗೋ ಟುಡೇ?' ನಮ್ಮ ಸಿಟಿ ಬಸ್ ಕಂಡಕ್ಟರ್ ದಿನವೂ ಕೇಳುವ ಪ್ರಶ್ನೆ, ಅಷ್ಟು ನಾಜೂಕಾಗಿ ಅಲ್ಲ. 'ಮೈಕ್ರೋಸಾಫ್ಟ್ ಆಸ್ಕ್ಡ್ ಅಸ್ ವೇರ್ ವಿ ವಾಂಟೆಡ್ ಟು ಗೋ.' 'ವೇರ್' ಇದ್ದ ಮೇಲೆ 'ಇಫ್' ಬೇಡ, 'ದಟ್' ಬೇಡ, 'ಡು' ಕೂಡ ಬೇಡ. 'ಟುಡೇ'ಯನ್ನು 'ದಟ್ ಡೇ' ಮಾಡಿದರೆ ಅದು ಯಾವುದೋ ಒಂದು ತಾರೀಕು ಆಗಿಬಿಡುತ್ತದೆ. ಜಾಹೀರಾತಿನ 'ಟುಡೇ' ಯಾವ ದಿನವೂ ಆಗಬಹುದು, ಆದ್ದರಿಂದ ಬಿಟ್ಟರೆ ಚಂದ.

ಅಪ್ಪಣೆಗೆ ಟಿವಿಯಲ್ಲಿ ಉಸಿರು ಬಿಡದೆ ಓದುವ ಮ್ಯೂಚುವಲ್ ಫಂಡ್ ಸಾಲು ಸಾಕು. ಮೊದಲರ್ಧ ಹೇಳಿಕೆ, ಮಾರುಕಟ್ಟೆಯ ಅಪಾಯ ಇದೆ ಅಂತ. ಎರಡನೆಯದು ಅಪ್ಪಣೆ, ಕಾಗದಪತ್ರ ಸರಿಯಾಗಿ ಓದಿ ಅಂತ. ಹಾಗಾಗಿ ಎರಡು ವರ್ಬ್ ಬೇಕು: 'ಇಟ್ ವಾರ್ನ್ಡ್ ಅಸ್ ದಟ್ ದ ಇನ್ವೆಸ್ಟ್‌ಮೆಂಟ್ಸ್ ವರ್ ಸಬ್ಜೆಕ್ಟ್ ಟು ಮಾರ್ಕೆಟ್ ರಿಸ್ಕ್ಸ್ ಆ್ಯಂಡ್ ಅಡ್ವೈಸ್ಡ್ ಅಸ್ ಟು ರೀಡ್ ದ ಡಾಕ್ಯುಮೆಂಟ್ಸ್ ಕೇರ್‌ಫುಲಿ.' ಬಸ್ಸಿನೊಳಗಿನ 'ಕೈ ತಲೆ ಹೊರಗೆ ಹಾಕಬೇಡಿ' ಅನ್ನುವುದಕ್ಕೆ 'ವಾರ್ನ್ಡ್ ದ ಪ್ಯಾಸೆಂಜರ್ಸ್ ನಾಟ್ ಟು'. 'ನಾಟ್' ಮೊದಲು, 'ಟು' ಆಮೇಲೆ.

ರಿಕ್ಷಾ ಮೈಕಿನ 'ಇಂದು ರಾತ್ರಿ'

ನನ್ನ ಪ್ರಕಾರ ಇಡೀ ಪಾಠದಲ್ಲಿ ಜಾಸ್ತಿ ಹೊತ್ತು ನಿಲ್ಲಬೇಕಾದ ಜಾಗ ಇದು. ಯಕ್ಷಗಾನ ಮೇಳಗಳ ತಿರುಗಾಟ ಶುರುವಾದ ಮೇಲೆ ರಿಕ್ಷಾಕ್ಕೆ ಮೈಕ್ ಕಟ್ಟಿ ಊರೆಲ್ಲ ಸುತ್ತುತ್ತಾರಲ್ಲ: 'ಕಲಾಭಿಮಾನಿಗಳೇ, ಇಂದು ರಾತ್ರಿ ಇದೇ ಮೈದಾನದಲ್ಲಿ ಯಕ್ಷಗಾನ, ತಪ್ಪದೆ ಬನ್ನಿ.' ಇದನ್ನು ಇಂಗ್ಲಿಷಿನಲ್ಲಿ ರಿಪೋರ್ಟ್ ಮಾಡಿ ಅಂದರೆ ಎಲ್ಲರೂ 'ದಟ್ ನೈಟ್', 'ದಟ್ ಗ್ರೌಂಡ್' ಅಂತ ಬರೆಯುತ್ತಾರೆ. ಆಗ ಕೇಳಬೇಕಾದದ್ದು: ನೀನು ಎಲ್ಲಿ ನಿಂತು, ಯಾವಾಗ ಹೇಳುತ್ತಿದ್ದಿ?

ಮಧ್ಯಾಹ್ನ ರಿಕ್ಷಾ ಹೋಯಿತು. ನೀನು ಒಳಗೆ ಓಡಿ ಅಜ್ಜಿಗೆ ಹೇಳಿದೆ. ರಾತ್ರಿ ಇನ್ನೂ ಆಗಿಲ್ಲ. ಆಗ 'ಟುನೈಟ್' ಹಾಗೇ ಇರಬೇಕು. 'ದಟ್ ನೈಟ್' ಅಂದರೆ ಅಜ್ಜಿ ಆಟ ಮುಗಿದೇಹೋಯಿತು ಅಂತ ಬೇಜಾರು ಮಾಡಿಕೊಂಡಾರು. ಮರುದಿನ ಅದೇ ಮೈದಾನದ ಹತ್ತಿರ ನಿಂತು ಗೆಳೆಯನಿಗೆ ಹೇಳಿದರೆ 'ಲಾಸ್ಟ್ ನೈಟ್', ಆದರೆ 'ದಿಸ್ ಗ್ರೌಂಡ್' ಹಾಗೇ. ತಿಂಗಳು ಕಳೆದು ಪುತ್ತೂರಿನ ಮಾವನಿಗೆ ಫೋನಿನಲ್ಲಿ ಹೇಳಿದರೆ ಮಾತ್ರ 'ದಟ್ ನೈಟ್', 'ದಟ್ ಗ್ರೌಂಡ್'. 'ಕಲಾಭಿಮಾನಿಗಳೇ' ಅನ್ನುವ ಕರೆ ವಾಕ್ಯದಲ್ಲಿ ಕರ್ಮದ ಜಾಗಕ್ಕೆ ಹೋಗುತ್ತದೆ: 'ದೆ ಇನ್ವೈಟೆಡ್ ದ ಆರ್ಟ್ ಲವರ್ಸ್ ಟು ಕಮ್.' ಒಂದೇ ಮಾತಿಗೆ ಮೂರು ಸರಿ ಉತ್ತರ ಬಂತು. ಪುಸ್ತಕದ ಪಟ್ಟಿ ಕೊಡುವುದು ಮೂರನೆಯದನ್ನು ಮಾತ್ರ.

ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಯ ಹೊತ್ತಿಗೆ, ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ, ಶಾಲೆ ಶುರುವಾಗುವುದೇ ಆ ಹೊತ್ತಿಗೆ. ಮಳೆಗಾಲದಲ್ಲಿ ಪಾಠ ಬಂದರೆ ಬಟ್ಟೆ ಅಂಗಡಿಯ ಆಟಿ (ಮಳೆಗಾಲದ ತುಳು ತಿಂಗಳು) ಸೇಲ್ ಹಿಡಿಯಿರಿ. 'ಅವರ್ ಆಟಿ ಸೇಲ್ ಎಂಡ್ಸ್ ದಿಸ್ ಸಂಡೇ. ಹರಿ!' ಬುಧವಾರ ಮನೆಯಲ್ಲಿ ಹೇಳುವಾಗ: 'ದ ಶಾಪ್ ಸೇಸ್ ಇಟ್ಸ್ ಆಟಿ ಸೇಲ್ ಎಂಡ್ಸ್ ದಿಸ್ ಸಂಡೇ.' ಆಟಿ ಮುಗಿದು ಸೋಣ ತಿಂಗಳಲ್ಲಿ ಹೇಳುವಾಗ: 'ದ ಶಾಪ್ ಅನೌನ್ಸ್ಡ್ ದಟ್ ಇಟ್ಸ್ ಆಟಿ ಸೇಲ್ ವುಡ್ ಎಂಡ್ ದಟ್ ಸಂಡೇ ಆ್ಯಂಡ್ ಅರ್ಜ್ಡ್ ಕಸ್ಟಮರ್ಸ್ ಟು ಹರಿ.'

ಪರೀಕ್ಷೆಯಲ್ಲಿ

ದ್ವಿತೀಯ ಪಿಯುಸಿಯಲ್ಲಿ ಸಂಭಾಷಣೆ ಕೊಟ್ಟು ರಿಪೋರ್ಟ್ ಮಾಡಿ ಅನ್ನುತ್ತಾರೆ. ಅಲ್ಲಿ ಅಜ್ಜಿಯೂ ಇಲ್ಲ, ಪುತ್ತೂರಿನ ಮಾವನೂ ಇಲ್ಲ. ಯಾವಾಗ, ಎಲ್ಲಿ ಅಂತ ಪ್ರಶ್ನೆಪತ್ರಿಕೆ ಹೇಳದಿದ್ದರೆ ಪುಸ್ತಕದ ಪಟ್ಟಿಯನ್ನೇ ಹಿಡಿಯಲು ಮಕ್ಕಳಿಗೆ ಹೇಳಿ. 'ಸೆಡ್' ಇದ್ದರೆ 'ವಾಸ್', 'ಟುಡೇ'ಗೆ 'ದಟ್ ಡೇ'. ಮಾರ್ಕು ಅಲ್ಲಿ ಉಂಟು.

ಮನೆಕೆಲಸಕ್ಕೆ ಹಳೆಯ ಉದಯವಾಣಿ ತರಲು ಹೇಳಿ. ಒಂದು ಕನ್ನಡ ಜಾಹೀರಾತು ಕತ್ತರಿಸಿ ನೋಟ್ಸಿಗೆ ಅಂಟಿಸಬೇಕು, ಕೆಳಗೆ ಇಂಗ್ಲಿಷಿನಲ್ಲಿ ರಿಪೋರ್ಟ್ ಬರೆಯಬೇಕು, ಪಕ್ಕದಲ್ಲಿ ಪೇಪರಿನ ತಾರೀಕು. ತಾರೀಕು ಇಲ್ಲದಿದ್ದರೆ ತಿದ್ದಬೇಡಿ, ವಾಪಸ್ ಕೊಡಿ. 'ನಾಳೆ ಉದ್ಘಾಟನೆ' ಅನ್ನುವ ಜಾಹೀರಾತಿಗೆ 'ಟುಮಾರೋ' ಸರಿಯೋ, 'ದ ನೆಕ್ಸ್ಟ್ ಡೇ' ಸರಿಯೋ ಅಂತ ತಾರೀಕು ನೋಡದೆ ಹೇಳಲಾಗುವುದಿಲ್ಲ.