ಅಂಗಾಲಿಗೆ ತಾಗುವ ನೇಗಿಲು

ಬ್ರಹ್ಮಾವರದ ಹತ್ತಿರ ನಮ್ಮದೊಂದು ಬೈಲು ಗದ್ದೆ ಇದೆ. ಮಳೆಗಾಲದಲ್ಲಿ ಹೂಟಿ, ಅಂದರೆ ಉಳುಮೆ, ಮುಗಿದ ಮೇಲೆ ಅಲ್ಲಿ ಕಾಲಿಟ್ಟರೆ ಮೀನಖಂಡದವರೆಗೂ ಹೂತುಹೋಗುತ್ತದೆ. ಆಮೇಲೆ ಅಂಗಾಲಿಗೆ ಏನೋ ಗಟ್ಟಿ ತಾಗಿ ಕಾಲು ನಿಲ್ಲುತ್ತದೆ. ಚಿಕ್ಕವನಿದ್ದಾಗ ಅದು ಕಲ್ಲು ಅಂದುಕೊಂಡಿದ್ದೆ. ಕಲ್ಲಲ್ಲ, ಅದು ನೇಗಿಲು ಮಾಡಿದ ನೆಲ.

ನೇಗಿಲು ಬಹಳ ಹಳೆಯ ಉಪಕರಣ. ರಾಜಸ್ಥಾನದ ಕಾಲಿಬಂಗನ್‌ನಲ್ಲಿ 1960ರ ದಶಕದಲ್ಲಿ ಉತ್ಖನನ ನಡೆದಾಗ ಸುಮಾರು 4800 ವರ್ಷ ಹಿಂದೆ ಉತ್ತ ಹೊಲವೊಂದು ಸಿಕ್ಕಿತು. ಒಂದು ದಿಕ್ಕಿನ ಸಾಲುಗಳ ನಡುವೆ ಸುಮಾರು 30 ಸೆಂಟಿಮೀಟರ್ ಅಂತರ, ಅಡ್ಡ ಸಾಲುಗಳ ನಡುವೆ 190. ಯಾರೋ ಎತ್ತು ಕಟ್ಟಿ ಎಳೆದ ಗೆರೆಗಳು ಹಾಗೇ ಉಳಿದಿದ್ದವು! ಹೆಸರಿಗೂ ವಯಸ್ಸಾಗಿದೆ. ನಮ್ಮ ನೇಗಿಲು, ತುಳುವಿನ ನಾಯೆರ್, ತಮಿಳಿನ ನಾಂಜಿಲ್ ಒಂದೇ ಬಳ್ಳಿಯ ಮಾತುಗಳು.

ಆ ಹಳೆಯ ನೇಗಿಲು ಮಣ್ಣನ್ನು ಗೀರುತ್ತಿತ್ತು, ಮಗುಚುತ್ತಿರಲಿಲ್ಲ. ಮಗುಚುವ ರೆಕ್ಕೆ ನೇಗಿಲು ಚೀನಾದಲ್ಲೂ ಯುರೋಪಿನಲ್ಲೂ ಬೆಳೆಯಿತು. ಯುರೋಪಿನ ಥಂಡಿ ಜೇಡಿಮಣ್ಣಿಗೆ ಅದು ಬೇಕೇ ಬೇಕಿತ್ತು, ಹೆಚ್ಚಿನ ನೀರು ಬಸಿದು ಹೋಗಬೇಕಲ್ಲ. ಅಮೆರಿಕದ ಹುಲ್ಲುಗಾವಲಿನಲ್ಲಿ ಮಣ್ಣು ಎರಕದ ಕಬ್ಬಿಣಕ್ಕೆ ಮೆತ್ತಿಕೊಳ್ಳುತ್ತಿತ್ತು. 1837ರಲ್ಲಿ ಜಾನ್ ಡಿಯರ್ ಎಂಬ ಕಮ್ಮಾರ ಹಳೆಯ ಗರಗಸದ ಉಕ್ಕಿನಿಂದ ನುಣುಪಾದ ನೇಗಿಲು ಮಾಡಿದ. ಮಣ್ಣು ಜಾರಿ ಬಿತ್ತು, ಹುಲ್ಲುಗಾವಲು ಹೊಲವಾಯಿತು. 1930ರ ದಶಕದಲ್ಲಿ ಬರ ಬಂದಾಗ, ಹಿಡಿದಿಡುವ ಹುಲ್ಲಿನ ಬೇರಿಲ್ಲದೆ ಅದೇ ಮಣ್ಣು ಧೂಳಾಗಿ ಹಾರಿಹೋಯಿತು.

ನಮ್ಮ ಕರಾವಳಿಯ ಕಥೆಯೇ ಬೇರೆ. ಬಯಲುಸೀಮೆಯವರು ಉಳುವುದು ಮಳೆನೀರು ಒಳಗಿಳಿಯಲಿ ಅಂತ. ನಾವು ಉಳುವುದು ನೀರು ಇಳಿಯದಿರಲಿ ಅಂತ! ನಿಂತ ನೀರಿನಲ್ಲಿ ಮರದ ಹಗುರ ನೇಗಿಲು ಮತ್ತೆ ಮತ್ತೆ ಓಡಿದಾಗ ಮಣ್ಣಿನ ಹೆಂಟೆ ಒಡೆದು ಗಂಜಿಯಾಗುತ್ತದೆ. ಜೇಡಿಯ ಸಣ್ಣ ಕಣಗಳು ಕೆಳಗಿಳಿದು ರಂಧ್ರಗಳನ್ನು ಮುಚ್ಚುತ್ತವೆ. ನೇಗಿಲ ತುದಿಯ ಕಬ್ಬಿಣದ ಗುಳ ವರ್ಷ ವರ್ಷವೂ ಅದೇ ಆಳದಲ್ಲಿ ಉಜ್ಜುತ್ತದೆ, ಕೋಣಗಳ ಗೊರಸು ಮೇಲಿಂದ ಒತ್ತುತ್ತದೆ. ಹೀಗೆ ಒಂದು ಗೇಣಿನ ಕೆಳಗೆ ಗಟ್ಟಿ ಪದರ ಕೂರುತ್ತದೆ. ಕೊನೆಗೆ ಹಲಗೆ ಹೊಡೆದು ಮಟ್ಟ ಮಾಡಿದರೆ ಗದ್ದೆ ಬಾಣಲೆಯ ಹಾಗೆ ನೀರು ಹಿಡಿಯುತ್ತದೆ. ನೀರಿನಡಿ ಗಾಳಿ ಸಿಗದೆ ಎಷ್ಟೋ ಕಳೆ ಮೊಳೆಯುವುದಿಲ್ಲ. ಭತ್ತಕ್ಕೆ ಮಾತ್ರ ತೊಂದರೆಯಿಲ್ಲ. ಅದರ ಕಾಂಡದೊಳಗೆ ಬೇರಿಗೆ ಗಾಳಿ ಇಳಿಸುವ ಕೊಳವೆಯಂಥ ದಾರಿಗಳಿವೆ. ಕಂಬಳದಲ್ಲಿ ನೇಗಿಲು, ಹಲಗೆ ಅಂತ ವಿಭಾಗಗಳಿವೆ ಅಲ್ವಾ? ಅವು ಈ ಕೆಸರಿನ ಕೆಲಸದ ಹೆಸರುಗಳೇ.

ನೇಗಿಲೆಂದರೆ ಮಣ್ಣು ಸಡಿಲಿಸುವ ಸಾಧನ ಅಂತ ಓದಿಯೇ ಬೆಳೆದವನು ನಾನು. ಅರ್ಥವಾದದ್ದು ತಪ್ಪು ಮಾಡಿದ ಮೇಲೆ. ಕೆಲವು ವರ್ಷದ ಹಿಂದೆ, ಆಳವಾಗಿ ಅಗೆದರೆ ಫಸಲು ಜಾಸ್ತಿ ಅಂದುಕೊಂಡು ಒಂದು ಗದ್ದೆಗೆ ಅಗೆಯುವ ಯಂತ್ರ ಇಳಿಸಿದೆ. ಆ ಸಲ ಜುಲೈಯಲ್ಲಿ ಎರಡು ದಿನ ಮಳೆ ಬಿಟ್ಟಿತು. ಪಕ್ಕದ ಗದ್ದೆಗಳಲ್ಲಿ ನೀರು ಹಾಗೇ ನಿಂತಿತ್ತು, ನಮ್ಮದರಲ್ಲಿ ನೇಜಿಯ, ಅಂದರೆ ನೆಟ್ಟ ಭತ್ತದ ಸಸಿಯ, ಬುಡದ ಮಣ್ಣು ಬಿರುಕು ಬಿಟ್ಟಿತ್ತು. ಪಕ್ಕದ ಮನೆಯ ಅಜ್ಜ ಬದುವಿನ ಮೇಲೆ ನಿಂತು, "ಅಡಿ ಒಡೆದುಬಿಟ್ಟೆಯಲ್ಲ ಮಗಾ" ಅಂದರು.

ಆಮೇಲೆ ಪ್ರತಿ ಮಳೆಗಾಲ ಟಿಲ್ಲರ್ ಅನ್ನು ಆಳಕ್ಕಿಳಿಸದೆ ಮೇಲೆ ಮೇಲೆ ಓಡಿಸಿ ಕೆಸರು ಮಾಡಿದೆವು. ನಾಲ್ಕನೇ ವರ್ಷ ನೇಜಿ ನೆಡಲು ಇಳಿದಾಗ, ಅಂಗಾಲಿಗೆ ಮತ್ತೆ ಗಟ್ಟಿ ತಾಗಿತು.