ಒಂದೂವರೆ ವರ್ಷದ ಮಗು ರಾತ್ರಿ ಹನ್ನೊಂದಾದರೂ ಮಲಗುತ್ತಿಲ್ಲ, ಏನು ಮಾಡಬೇಕು?

ಪ್ರಶ್ನೆ: ನಾವಿರುವುದು ಕಲಬುರಗಿಯಲ್ಲಿ. ಮಗನಿಗೆ ಒಂದೂವರೆ ವರ್ಷ. ಬೇಸಿಗೆ ಶುರುವಾದಾಗಿನಿಂದ ರಾತ್ರಿ ಹನ್ನೊಂದು, ಹನ್ನೊಂದೂವರೆ ಆದರೂ ಮಲಗುವುದಿಲ್ಲ. ಜೋಳಿಗೆಯಲ್ಲಿ ಹಾಕಿ ತೂಗಿದರೆ ಕಣ್ಣು ಮುಚ್ಚುತ್ತಾನೆ. ಹಾಸಿಗೆಗೆ ಹಾಕಿದ ಕೂಡಲೇ ಎದ್ದು ಕೂರುತ್ತಾನೆ. ನಮ್ಮತ್ತೆ ದೃಷ್ಟಿ ಆಗಿದೆ ಅಂತಾರೆ. ಪಕ್ಕದ ಮನೆಯವರು ನಿದ್ದೆ ಬರುವ ಸಿರಪ್ ಕೊಡಿ ಅಂತಾರೆ. ಮಾಳಿಗೆ ಮೇಲೆ ಮಲಗಿಸಿದರೆ ಹೇಗೆ?

ಉತ್ತರ: ಸಿರಪ್ ವಿಷಯ ಮೊದಲು ಮುಗಿಸಿಬಿಡೋಣ. ಬೇಡವೇ ಬೇಡ. ಶೀತ-ಕೆಮ್ಮಿನ ಕೆಲವು ಔಷಧಿಗಳು ಮಂಪರು ತರುತ್ತವೆ, ನಿಜ. ಆದರೆ ಇಷ್ಟು ಚಿಕ್ಕ ಮಕ್ಕಳಲ್ಲಿ ಅವು ಉಸಿರಾಟವನ್ನೇ ನಿಧಾನ ಮಾಡಬಹುದು. ಕೆಲವು ಮಕ್ಕಳು ಮಲಗುವ ಬದಲು ಇನ್ನೂ ಕೆರಳುತ್ತಾರೆ. ಹಿಂದೆ ಕೂಸಿಗೆ ಅಫೀಮು ನೆಕ್ಕಿಸುವ ರೂಢಿ ದೇಶದ ಹಲವು ಕಡೆ ಇತ್ತು, ಅದು ಎಷ್ಟೋ ಕೂಸುಗಳ ಜೀವಕ್ಕೇ ಕುತ್ತು ತಂದಿದೆ. ಜಾಜಿಕಾಯಿ ತೇಯ್ದು ಕೊಡುವವರು ಈಗಲೂ ಇದ್ದಾರೆ. ಜಾಜಿಕಾಯಿ ಜಾಸ್ತಿಯಾದರೆ ವಿಷವೇ, ಮತ್ತು ಎಷ್ಟು ತೇಯ್ದರೆ ಜಾಸ್ತಿ ಅಂತ ಯಾರೂ ಅಳೆದು ಕೊಡುವುದಿಲ್ಲ. ಇನ್ನು ದೃಷ್ಟಿ. ನಿಮ್ಮತ್ತೆಯವರ ಸಮಾಧಾನಕ್ಕೆ ತೆಗೆಯಲಿ ಬಿಡಿ. ಮೆಣಸಿನಕಾಯಿ ಸುಡುವುದನ್ನು ಮಾತ್ರ ಕೂಸು ಮಲಗುವ ಖೋಲಿಯಿಂದ ದೂರ ಮಾಡಲಿ. ಆ ಘಾಟಿಗೆ ದೊಡ್ಡವರೇ ಕೆಮ್ಮುತ್ತೇವೆ.

ಈಗ ನಾನೊಂದು ಪ್ರಶ್ನೆ ಕೇಳಬೇಕು. ಮಧ್ಯಾಹ್ನದ ನಿದ್ದೆಯಿಂದ ಮಗ ಎಷ್ಟು ಗಂಟೆಗೆ ಏಳುತ್ತಾನೆ? ನೀವು ಬರೆದಿಲ್ಲ. ನನ್ನ ಅಂದಾಜು ಐದು, ಐದೂವರೆ. ಯಾಕೆಂದರೆ ಏಪ್ರಿಲ್-ಮೇ ತಿಂಗಳ ಕಲಬುರಗಿಯ ಮನೆಗಳು ಹಾಗೇ ನಡೆಯುತ್ತವೆ. ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ. ನಮ್ಮ ಭಾಗದ ಸರ್ಕಾರಿ ಕಚೇರಿಗಳೂ ಬೇಸಿಗೆಗೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ಹೊತ್ತಿಗೆ ಬದಲಾಗುತ್ತವೆ. ಎರಡು ಗಂಟೆಗೆ ಎಲ್ಲರದೂ ಊಟ. ಕಿಟಕಿಗೆ ಪರದೆ, ಮೂಲೆಯಲ್ಲಿ ಕೂಲರ್ ಸದ್ದು, ಶಹಾಬಾದ್ ಕಲ್ಲಿನ ನೆಲದ ಮೇಲೆ ಒಂದು ಚಾದರ. ಅಜ್ಜಿಯ ಮಗ್ಗುಲಲ್ಲಿ ಕೂಸು ಮೂರಕ್ಕೆ ಮಲಗಿದರೆ ಮನೆಯೇ ನಿಶ್ಶಬ್ದ. ಅದನ್ನು ಎಬ್ಬಿಸುವ ಮನಸ್ಸು ಯಾರಿಗೆ ಬಂದೀತು? ಐದೂವರೆಗೆ ತಾನಾಗಿ ಏಳುತ್ತದೆ. ರಾತ್ರಿ ಹನ್ನೊಂದರ ಗಲಾಟೆಯ ಬೀಜ ಇಲ್ಲೇ ಇದೆ.

ಈ ವಯಸ್ಸಿನ ಮಗುವಿಗೆ ಹಗಲು-ರಾತ್ರಿ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು. ಅದರಲ್ಲಿ ಹಗಲಿನ ಪಾಲು ಸಾಮಾನ್ಯವಾಗಿ ಒಂದೂವರೆ-ಎರಡು ಗಂಟೆ. ಎಚ್ಚರವಾಗಿ ಇದ್ದಷ್ಟು ಹೊತ್ತೂ ಮೈಯಲ್ಲಿ ನಿದ್ದೆಯ ಒತ್ತಡ ಏರುತ್ತಾ ಹೋಗುತ್ತದೆ. ಒಂದೂವರೆ ವರ್ಷದ ಮಗು ಮಧ್ಯಾಹ್ನ ಎದ್ದ ಮೇಲೆ ಸುಮಾರು ಐದು ಗಂಟೆ ಎಚ್ಚರ ಇದ್ದರೆ ಮಾತ್ರ ಮತ್ತೆ ಮಲಗುವಷ್ಟು ದಣಿಯುತ್ತದೆ. ಐದೂವರೆಗೆ ಎದ್ದವನನ್ನು ಒಂಬತ್ತಕ್ಕೆ ಜೋಳಿಗೆಗೆ ಹಾಕಿದರೆ ನಿಮ್ಮ ಕೈ ನೋಯುತ್ತದೆ ಅಷ್ಟೇ. ಅವನಿಗೆ ಇನ್ನೂ ನಿದ್ದೆಯೇ ಬಂದಿರುವುದಿಲ್ಲ.

ಹಾಗಾಗಿ ರಾತ್ರಿಯನ್ನು ಸದ್ಯಕ್ಕೆ ಬಿಡಿ, ಬೆಳಿಗ್ಗೆಯಿಂದ ಶುರು ಮಾಡಿ. ರಾತ್ರಿ ಎಷ್ಟೇ ತಡವಾಗಿ ಮಲಗಿರಲಿ, ಆರೂವರೆಗೆ ಎಬ್ಬಿಸಿ ಅಂಗಳಕ್ಕೋ ಮಾಳಿಗೆಗೋ ಕರೆದುಕೊಂಡು ಹೋಗಿ. ಬೇಸಿಗೆಯಲ್ಲಿ ಇಲ್ಲಿ ಹೊರಗೆ ಇರಬಹುದಾದ ಹೊತ್ತು ಅದೊಂದೇ ತಾನೆ? ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ಮೈಯೊಳಗಿನ ಗಡಿಯಾರ ಸರಿಯಾಗುತ್ತದೆ. ಮಧ್ಯಾಹ್ನದ ಊಟ ಹನ್ನೆರಡಕ್ಕೆ ಕೊಡಿ, ಮನೆಯವರ ಎರಡು ಗಂಟೆಯ ಊಟಕ್ಕೆ ಕಾಯಬೇಡಿ. ಹನ್ನೆರಡೂವರೆಯಿಂದ ಒಂದರೊಳಗೆ ಮಲಗಿದರೆ ಮೂರಕ್ಕೆ ಏಳಬಹುದು. ಒಂದೇ ದಿನದಲ್ಲಿ ಇಷ್ಟು ಬದಲಾಗುವುದಿಲ್ಲ. ಎರಡು ದಿನಕ್ಕೊಮ್ಮೆ ಹದಿನೈದು-ಇಪ್ಪತ್ತು ನಿಮಿಷ ಹಿಂದಕ್ಕೆ ತನ್ನಿ. ಮೊದಲ ಕೆಲವು ದಿನ ಮಗ ಕಿರಿಕಿರಿ ಮಾಡುತ್ತಾನೆ, ಅತ್ತೆಯವರೂ "ಮಲಗಿದ ಕೂಸನ್ನ ಯಾಕೆ ಎಬ್ಬಿಸ್ತಿ" ಅಂತ ಗದರಬಹುದು. ಅವರಿಗೆ ಮೊದಲೇ ವಿಷಯ ಹೇಳಿಟ್ಟರೆ ಒಳ್ಳೆಯದು.

ಸಂಜೆಯ ಚಹಾ ನೋಡಿ. ದೊಡ್ಡವರ ಬಸಿಯಲ್ಲಿ ಬಿಸ್ಕತ್ತು ಅದ್ದಿ ಮಕ್ಕಳಿಗೆ ತಿನ್ನಿಸುವುದು ನಮ್ಮಲ್ಲಿ ಎಷ್ಟು ಸಹಜ ಅಂದರೆ, ಅದನ್ನು ಚಹಾ ಕೊಟ್ಟ ಲೆಕ್ಕಕ್ಕೇ ಹಿಡಿಯುವುದಿಲ್ಲ. ಚಹಾದಲ್ಲಿ ನಿದ್ದೆ ಕೆಡಿಸುವ ಕೆಫೀನ್ ಇದೆ. ಜೊತೆಗೆ ಅದು ಊಟದಲ್ಲಿನ ಕಬ್ಬಿಣಾಂಶ ಮೈಗೆ ಹಿಡಿಯದ ಹಾಗೆ ಮಾಡುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮೂವರು ಮಕ್ಕಳಲ್ಲಿ ಸುಮಾರು ಇಬ್ಬರಿಗೆ ರಕ್ತಹೀನತೆ ಇದೆ. ಕಬ್ಬಿಣಾಂಶ ಕಡಿಮೆ ಇರುವ ಮಕ್ಕಳು ನಿದ್ದೆಯಲ್ಲಿ ಕಾಲು ಝಾಡಿಸುವುದು, ಹೊರಳಾಡುವುದು ಜಾಸ್ತಿ. ಮುಂದಿನ ಸಲ ಲಸಿಕೆಗೆ ಹೋದಾಗ ಒಮ್ಮೆ ಹಿಮೋಗ್ಲೋಬಿನ್ ಪರೀಕ್ಷೆ ಬಗ್ಗೆ ಕೇಳಿ.

ಮೇ ತಿಂಗಳಲ್ಲಿ ಇಲ್ಲಿ ಸೂರ್ಯ ಮುಳುಗುವುದೇ ಏಳರ ಹತ್ತಿರ. ಕತ್ತಲಾದ ಮೇಲೆ ಮಿದುಳು ನಿದ್ದೆಗೆ ಸಜ್ಜು ಮಾಡುವ ಮೆಲಟೋನಿನ್ ಎಂಬ ಹಾರ್ಮೋನನ್ನು ಬಿಡುತ್ತದೆ. ಟ್ಯೂಬ್‌ಲೈಟ್, ಟಿವಿ, ಮೊಬೈಲ್ ಬೆಳಕು ಅದನ್ನು ತಡೆಯುತ್ತದೆ. ಏಳೂವರೆಗೆ ಅನ್ನ-ಬ್ಯಾಳಿ ಅಥವಾ ಹಾಲಿನಲ್ಲಿ ನೆನೆಸಿದ ರೊಟ್ಟಿ ತಿನ್ನಿಸಿ, ಬಿಸಿಯೂ ಅಲ್ಲದ ತಣ್ಣಗೂ ಅಲ್ಲದ ನೀರಿನಲ್ಲಿ ಮೈ ತೊಳೆಸಿ, ಖೋಲಿಯಲ್ಲಿ ಸಣ್ಣ ದೀಪ ಒಂದನ್ನೇ ಬಿಡಿ. ನಿಮಗೆ ಬರುವ ಒಂದು ಜೋಗುಳ ಹಾಡಿ. ದಿನಾ ಅದೇ ಹಾಡು, ಅದೇ ಕ್ರಮ. ಹೊಸ ಹೊಸದನ್ನು ಹುಡುಕಬೇಕಾಗಿಲ್ಲ, ಚಿಕ್ಕ ಮಕ್ಕಳಿಗೆ ಹಳೆಯದೇ ಇಷ್ಟ. ಎರಡು ವರ್ಷದವರೆಗೆ ಮೊಬೈಲ್ ಬೇಡ ಅಂತ ಮಕ್ಕಳ ವೈದ್ಯರು ಹೇಳುವುದು ಸುಮ್ನೆ ಅಲ್ಲ. ಒಂಬತ್ತೂವರೆಗೆ ಅಂಗಡಿ ಮುಚ್ಚಿ ಬರುವ ಅಪ್ಪಂದಿರಿಗೂ ಒಂದು ಮಾತು: ಎತ್ತಿ ಹಾರಿಸಿ ಆಡಿಸುವ ಆಸೆ ಇದ್ದರೆ ಬೆಳಿಗ್ಗೆ ಏಳಕ್ಕೆ ಆಡಿಸಿ, ಆಗ ಕೂಸೂ ಹುರುಪಾಗಿರುತ್ತದೆ.

ಇನ್ನು ಜೋಳಿಗೆ. ಮಕ್ಕಳ ನಿದ್ದೆ ಸುಮಾರು ಒಂದು ಗಂಟೆಗೊಮ್ಮೆ ತೆಳುವಾಗುತ್ತದೆ. ನಮ್ಮದೂ ಹೀಗೇ ತೆಳುವಾಗುತ್ತದೆ, ಮಗ್ಗುಲು ಬದಲಿಸಿ ಮತ್ತೆ ಮಲಗುತ್ತೇವೆ, ಬೆಳಿಗ್ಗೆ ನೆನಪೂ ಇರುವುದಿಲ್ಲ. ಬಸ್ಸಿನಲ್ಲಿ ನಿದ್ದೆ ಹೋದವನು ಬಸ್ ನಿಂತ ಕೂಡಲೇ ಕಣ್ಣು ಬಿಡುವುದಿಲ್ಲವಾ, ಹಾಗೆ ತೂಗುತ್ತಾ ಮಲಗಿದ ಕೂಸು ತೂಗು ನಿಂತರೆ ಏನಾಯಿತು ಅಂತ ಎದ್ದು ನೋಡುತ್ತದೆ. ನೀವು ಮಾಡಬೇಕಾದ್ದು, ಪೂರ್ತಿ ನಿದ್ದೆ ಹತ್ತುವ ಮೊದಲೇ ಕೆಳಗೆ ಇಳಿಸುವುದು. ಕಣ್ಣು ಉಜ್ಜಿಕೊಳ್ಳುತ್ತಾನೆ, ಕಿವಿ ಎಳೆದುಕೊಳ್ಳುತ್ತಾನೆ, ಎಲ್ಲೋ ದಿಟ್ಟಿಸುತ್ತಾನೆ. ರೆಪ್ಪೆ ಭಾರವಾಗಿ ಅರ್ಧ ಮುಚ್ಚಿದಾಗ ತೂಗುವುದು ನಿಲ್ಲಿಸಿ. ಇಳಿಸುವಾಗ ಮೊದಲು ಕಾಲು ಮತ್ತು ಕುಂಡೆ ಹಾಸಿಗೆಗೆ ತಾಗಲಿ, ಆಮೇಲೆ ಬೆನ್ನು, ಕೊನೆಗೆ ತಲೆ. ತಲೆ ಮೊದಲು ಇಳಿದರೆ ಬಿದ್ದ ಹಾಗಾಗಿ ಬೆಚ್ಚುತ್ತಾನೆ. ಕೈ ತಕ್ಷಣ ತೆಗೆಯಬೇಡಿ. ಎದೆ ಮೇಲೆ ಒಂದೆರಡು ನಿಮಿಷ ಇಟ್ಟು, ಮೆಲ್ಲಗೆ ತಟ್ಟುತ್ತಾ ಹಗುರ ಮಾಡಿ. ಎದ್ದು ಕೂತರೆ ಮತ್ತೆ ಮಲಗಿಸಿ ತಟ್ಟಿ. ಜೋಳಿಗೆಗೆ ಓಡಬೇಡಿ. ಹದಿನೈದು ದಿನ ಸಹನೆ ಬೇಕಾಗುತ್ತದೆ.

ಒಂಟಿಯಾಗಿ ಅಳಲು ಬಿಟ್ಟು ಕಲಿಸುವ ಪದ್ಧತಿಯೂ ಒಂದಿದೆ. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಕೂಡು ಕುಟುಂಬದಲ್ಲಿ ಅದು ನಡೆಯುವ ಮಾತಲ್ಲ. ಎರಡನೇ ನಿಮಿಷಕ್ಕೆ ಅಜ್ಜಿ ಬಾಗಿಲಲ್ಲಿ ನಿಂತಿರುತ್ತಾರೆ, ಮೂರನೇ ನಿಮಿಷಕ್ಕೆ ಕೂಸು ಅವರ ತೊಡೆ ಮೇಲಿರುತ್ತದೆ. ಅಜ್ಜಿಯೇ ತಟ್ಟಿ ಮಲಗಿಸಲಿ, ಕ್ರಮ ಮಾತ್ರ ಎಲ್ಲರದೂ ಒಂದೇ ಇರಲಿ. ಬಾಯಲ್ಲಿ ಹಾಲಿನ ಬಾಟಲಿ ಇಟ್ಟು ಮಲಗಿಸುವ ಅಭ್ಯಾಸ ಇದ್ದರೆ ಅದನ್ನೂ ಬಿಡಿಸಿ, ಹಲ್ಲು ಹುಳುಕಾಗುತ್ತವೆ.

ಇದನ್ನು ಓದುವ ಎಳೆ ಕೂಸಿನ ತಾಯಂದಿರಿಗೆ ಮಾತ್ರ ಬೇರೆ ಲೆಕ್ಕ. ಮೊದಲ ಎರಡು-ಮೂರು ತಿಂಗಳು ಕೂಸಿಗೆ ಹಗಲು-ರಾತ್ರಿಯ ಗೊತ್ತೇ ಇರುವುದಿಲ್ಲ, ಮೇಲಿನ ಯಾವುದನ್ನೂ ಆಗ ಮಾಡಬೇಡಿ. ಒಂದು ವರ್ಷ ತುಂಬುವವರೆಗೆ ಅಂಗಾತವಾಗಿ, ಸಮತಟ್ಟಾದ ಗಟ್ಟಿ ಹಾಸಿಗೆ ಮೇಲೆ ಮಲಗಿಸಿ. ದಿಂಬು ಬೇಡ, ಮುಖಕ್ಕೆ ಬರುವ ಹಾಗೆ ಕೌದಿ ಬೇಡ. ಜೋಳಿಗೆಯಲ್ಲಿ ಕುತ್ತಿಗೆ ಬಾಗಿ ಗದ್ದ ಎದೆಗೆ ಒತ್ತಿದರೆ ಉಸಿರು ಕಟ್ಟಬಹುದು, ಆದ್ದರಿಂದ ಕಣ್ಣಳತೆಯಲ್ಲಿ ಇಲ್ಲದೆ ಅದರಲ್ಲಿ ಬಿಡಬೇಡಿ. ಆರು ತಿಂಗಳೊಳಗಿನ ಕೂಸಿಗೆ ಎಂಥ ಬಿಸಿಲಿದ್ದರೂ ಎದೆಹಾಲೇ ಸಾಕು, ನೀರು ಬೇಡ. ಎದೆಹಾಲು ಪದೇ ಪದೇ ಕೊಡಿ.

ಸೆಖೆಗೆ ಬರೋಣ. ನಿದ್ದೆ ಬರುವಾಗ ಮೈಯ ಒಳಗಿನ ಬಿಸಿ ಸ್ವಲ್ಪ ಇಳಿಯಬೇಕು. ಹಗಲೆಲ್ಲ ಕಾದ ಆರ್‌ಸಿಸಿ ಛತ್ತು ರಾತ್ರಿ ಹನ್ನೊಂದು, ಹನ್ನೆರಡರವರೆಗೂ ಆ ಬಿಸಿಯನ್ನು ಖೋಲಿಯೊಳಗೆ ಬಿಡುತ್ತಲೇ ಇರುತ್ತದೆ. ಬೀದರ್ ಕಡೆ ಊರು ಎತ್ತರದಲ್ಲಿರುವುದರಿಂದ ಸ್ವಲ್ಪ ಮೇಲು. ಸಂಜೆ ಛತ್ತಿಗೆ ನೀರು ಹೊಡೆಯಿರಿ. ಕೂಲರ್ ಹಾಕಿದಾಗ ಎದುರು ಕಿಟಕಿ ತೆರೆದಿರಲಿ, ಇಲ್ಲದಿದ್ದರೆ ತೇವ ಒಳಗೇ ಉಳಿದು ಇನ್ನೂ ಜಾಸ್ತಿ ಸೆಖೆ ಆಗುತ್ತದೆ. ಗಾಳಿ ಮುಖಕ್ಕೆ ನೇರ ಬಡಿಯಬಾರದು. ಹತ್ತಿಯ ಒಂದೇ ಪದರ ಬಟ್ಟೆ ಸಾಕು. ಕೈಕಾಲು ಮುಟ್ಟಿ ನೋಡಿದರೆ ಗೊತ್ತಾಗುವುದಿಲ್ಲ, ಕುತ್ತಿಗೆಯ ಹಿಂಭಾಗ ಮುಟ್ಟಿ ನೋಡಿ. ಬೆವರಿದ್ದರೆ ಬಟ್ಟೆ ಕಡಿಮೆ ಮಾಡಿ.

ಇಷ್ಟೆಲ್ಲ ಸರಿ ಮಾಡಿ ತಿಂಗಳಾದರೂ ಹಾಗೇ ಇದ್ದರೆ ವೈದ್ಯರಿಗೆ ತೋರಿಸಿ. ದಿನಾ ಗೊರಕೆ ಹೊಡೆದು ನಡುವೆ ಉಸಿರು ನಿಂತ ಹಾಗೆ ಕಂಡರೆ ತಿಂಗಳೂ ಕಾಯಬೇಡಿ. ರಾತ್ರಿ ಕುಂಡೆ ಕೆರೆದುಕೊಳ್ಳುತ್ತಾ ಎದ್ದರೆ ಜಂತುಹುಳು ಇರಬಹುದು, ಅದಕ್ಕೆ ಸುಲಭದ ಔಷಧಿ ಇದೆ.

ಮಾಳಿಗೆ ಮೇಲೆ ಧಾರಾಳವಾಗಿ ಮಲಗಿಸಿ, ಹತ್ತರ ಮೇಲೆ ಅಲ್ಲಿನ ಗಾಳಿಗೆ ಸಮ ಇಲ್ಲ. ಆದರೆ ಸೊಳ್ಳೆ ಪರದೆ ಕಟ್ಟಿ, ಅದರ ಅಂಚು ಹಾಸಿಗೆ ಕೆಳಗೆ ಸಿಕ್ಕಿಸಿ. ಒಂದೂವರೆ ವರ್ಷದವನು ಅರೆನಿದ್ದೆಯಲ್ಲೂ ಎದ್ದು ನಡೆಯುತ್ತಾನೆ, ಆದ್ದರಿಂದ ಕಟ್ಟೆ ಗಿಡ್ಡ ಇದ್ದರೆ, ಮೆಟ್ಟಿಲಿಗೆ ಬಾಗಿಲಿಲ್ಲದಿದ್ದರೆ ಬೇಡ. ಇಬ್ಬರು ದೊಡ್ಡವರ ನಡುವೆ ಮಲಗಿಸಿ. ಮೇ ತಿಂಗಳಲ್ಲಿ ನಡುರಾತ್ರಿ ಗಾಳಿ-ಮಳೆ ಬಂದು ಹಾಸಿಗೆ ಸುತ್ತಿಕೊಂಡು ಓಡುವ ಪರಿಸ್ಥಿತಿ ಬಂದರೆ ಅವನು ಎದ್ದೇ ಏಳುತ್ತಾನೆ, ಮತ್ತೆ ಮಲಗಲು ಗಂಟೆ ಹಿಡಿಯುತ್ತದೆ. ಆವತ್ತು ಮಾತ್ರ ಆರೂವರೆಗೆ ಎಬ್ಬಿಸಬೇಡಿ, ಏಳೂವರೆವರೆಗೆ ಬಿಡಿ.